ನನ್ನ ಎಡಗಾಲಿನ ಚಪ್ಪಲಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋದ ಲಾರಿಯವರಿಗೆ

ಮಾನ್ಯ ಲಾರಿ ಮಹಾಶಯರೇ,

ತಮ್ಮ ಆರು ಚಕ್ರಗಳಿಗೂ, ಹೊಟ್ಟೆಯ ಕೆಳಗೆ ಸರಪಳಿಯಲ್ಲಿ ನೇತಾಡುತ್ತಾ ತನ್ನ ಸರದಿ ಯಾವಾಗ ಬಂದೀತೋ ಎಂದು ಕಾಯುತ್ತಿರುವ ಆ ಏಳನೆಯ ಚಕ್ರಕ್ಕೂ ಬೇರೆಬೇರೆಯಾಗಿ ನನ್ನ ನಮಸ್ಕಾರಗಳು. ಒಂದು ಕಾಲಿನ ಮಟ್ಟಿಗೆ ನಾನು ಇಲ್ಲಿ ಕ್ಷೇಮ. ತಾವೂ ತಮ್ಮ ರೇಡಿಯೇಟರು, ಕ್ಲಚ್ಚು ಮತ್ತು ಉರಿಯುತ್ತಿರುವ ಆ ಒಂದೇ ಹೆಡ್‌ಲೈಟಿನೊಡನೆ ಕ್ಷೇಮವಾಗಿದ್ದೀರೆಂದು ನಂಬಿ, ಹೊಗೆ ಕಡಿಮೆಯಾಗಲಿ, ಮೈಲೇಜು ಹೆಚ್ಚಲಿ ಎಂದು ಹಾರೈಸಿ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ಬಹಿರಂಗ ಏಕೆಂದರೆ, ಬೆನ್ನ ಮೇಲೆ ಅಕ್ಷರ ಬರೆಸಿಕೊಂಡವರಿಗೆಲ್ಲ ಓದಲು ಬರುತ್ತದೆಂದು ಹೇಳಲಾಗದು. ತಾವು ಡೀಸೆಲ್ಲಿಗೆ ನಿಂತಾಗಲೋ, ಟೀ ಅಂಗಡಿಯ ಮುಂದೆ ಬಿಸಿ ಇಳಿಸಿಕೊಳ್ಳುವಾಗಲೋ, ಯಾರಾದರೂ ಪುಣ್ಯಾತ್ಮರು ಇದನ್ನು ತಮಗೆ ಗಟ್ಟಿಯಾಗಿ ಓದಿ ಹೇಳಲಿ ಎಂಬುದು ನನ್ನ ಸದುದ್ದೇಶ.

ವಿಷಯ: ತಮ್ಮ ಹೊಟ್ಟೆಯಲ್ಲಿ ಉಳಿದುಹೋಗಿರುವ ಒಂದು ಚಪ್ಪಲಿಯನ್ನು, ಎಡಗಾಲಿನದು, ಕೂಡಲೇ ಹಿಂದಿರುಗಿಸುವ ಬಗ್ಗೆ.

ಬರೆಯುತ್ತಿರುವವನು ಯಾರೆಂದು ತಮಗೆ ಗುರುತು ಹತ್ತದಿದ್ದರೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಹೋದ ಭಾನುವಾರ ತಮ್ಮೊಳಗೆ ಕುಳಿತು ಹೊಲಿಗೆ ಮಿಷನ್ನು ತುಳಿದವನು ನಾನೇ. ಬೀಗ ಹಾಕಿದ ಲಾರಿಯಲ್ಲಿ ಕುಳಿತು ಮಿಷನ್ನು ತುಳಿದ ಇನ್ನೊಬ್ಬ ಗಂಡಸು ಈ ಭೂಮಂಡಲದಲ್ಲಿ ಇಲ್ಲವಾದ್ದರಿಂದ ತಮಗೆ ಗೊಂದಲವಾಗಲಾರದು. ನಾನು ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ, ಇನ್ನು ನಿನಗೆ ಕಲಿಸಲು ನನ್ನ ಹತ್ತಿರ ಏನೂ ಉಳಿದಿಲ್ಲವೆಂದು ಮೇಷ್ಟ್ರೇ ಕೈಮುಗಿದು ಕಳುಹಿಸಿಕೊಟ್ಟವನು. ಪತ್ರಲೇಖನದಲ್ಲಿ ನಾನು ತರಗತಿಗೇ ಮೊದಲಿಗ. ನಾನು ಬರೆದುಕೊಟ್ಟ ರಜಾ ಅರ್ಜಿ ಓದಿ ಮುಖ್ಯೋಪಾಧ್ಯಾಯರು ಕಣ್ಣೀರು ಹಾಕಿ, ಅರ್ಜಿ ಹಾಕದ ಹುಡುಗರಿಗೂ ರಜೆ ಕೊಟ್ಟಿದ್ದರು. ಇನ್ನು ಹುಲ್ಲಿನ ಗಾಡಿ ಒಟ್ಟುವುದರಲ್ಲಂತೂ ನನ್ನ ಸಮಾನರು ಸುತ್ತಲ ಹಳ್ಳಿಗಳಲ್ಲಿ ಹುಟ್ಟಿರಲಿಲ್ಲ, ಹುಟ್ಟಿದ್ದರೂ ಎದುರಿಗೆ ಬರುತ್ತಿರಲಿಲ್ಲ. ಈ ಹುಲ್ಲಿನ ಗಾಡಿಯ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಂಥ ನಾನು, ಅಕ್ಕನ ಮನೆಯಲ್ಲಿ ಎರಡು ದಿನ ಇದ್ದು ಹೋಗೋಣವೆಂದು ಬಂದೆ. ಆಗ ಅಕ್ಕನ ಮಗಳು ತೊಟ್ಟಿಲಲ್ಲಿದ್ದಳು. ಈಗ ಆಸ್ಪತ್ರೆಯಲ್ಲಿ ನರ್ಸಾಗಿದ್ದು, ಮಾವಾ ಅಂದುಕೊಂಡೇ ನನ್ನ ತೋಳಿಗೆ ಸೂಜಿ ಚುಚ್ಚುತ್ತಾಳೆ. ನನ್ನ ಎರಡು ದಿನ ಮಾತ್ರ ಇನ್ನೂ ಮುಗಿದಿಲ್ಲ. ಭಾವ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಆ ಅಂಗಡಿಯ ಹಿಂಭಾಗದ ಮೂಲೆ, ಒಂದು ಕಬ್ಬಿಣದ ಮಂಚ, ಒಂದು ಟ್ರಂಕು, ಇಷ್ಟು ನನ್ನ ಸಂಸ್ಥಾನ. ಸುಮ್ಮನೆ ಕುಳಿತು ಉಂಡೆನೆಂದು ತಿಳಿಯಬೇಡಿ, ಆ ಅಂಗಡಿಯಿಂದ ಹೊರಬಿದ್ದ ಅಂಗಿಗಳ ಗುಂಡಿತೂತಿನ ಕಾಜಾ ಅಷ್ಟೂ ನನ್ನ ಕೈಯದು. ಅಂಗಿ ಹರಿದು ಒರೆಸುವ ಬಟ್ಟೆಯಾದ ಮೇಲೂ ನನ್ನ ಕಾಜಾ ಹರಿಯದೆ, ಒರೆಸುವ ಬಟ್ಟೆಯನ್ನು ಮೊಳೆಗೆ ನೇತುಹಾಕಲು ಉಪಯೋಗಕ್ಕೆ ಬರುತ್ತಿತ್ತೆಂದು ಎಷ್ಟೋ ಗೃಹಿಣಿಯರು ಕೊಂಡಾಡಿದ್ದಾರೆ.

ಹೀಗಿರುವಾಗ ಭಾವನ ಕಣ್ಣಿಗೆ ಸೂಜಿಯ ತೂತು ಕಾಣದಾಯಿತು. ಅಂಗಡಿ ಮುಚ್ಚಿದರು. ಮಗಳ ಆಸ್ಪತ್ರೆಗೆ ಹತ್ತಿರವಾಗಲಿ ಎಂದು ಊರಿನ ಆ ತುದಿಯಲ್ಲಿ ಹೊಸ ಮನೆ ಹಿಡಿದರು. ಮೂರನೆಯ ಮಹಡಿ, ಎರಡು ಕೋಣೆ, ಮುಂದೊಂದು ಸಣ್ಣ ಹಜಾರ, ಅಡುಗೆಮನೆ. ಒಂದು ಕೋಣೆ ಅಕ್ಕ-ಭಾವನದು, ಇನ್ನೊಂದು ಮಗಳದು. ಊರ ಶಾಲೆಯ ಲೆಕ್ಕವೇ ಸಾಕು ಮಹಾಶಯರೇ, ಇದಕ್ಕೆ ಕಾಲೇಜು ಬೇಡ. ನೀನೂ ಬಾ ಎಂದು ನನಗೆ ಯಾರೂ ಹೇಳಲಿಲ್ಲ. ಬರಬೇಡ ಎಂದೂ ಹೇಳಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎಲ್ಲರೂ ಪಾತ್ರೆಗೆ ಕಾಗದ ಸುತ್ತುತ್ತಾ, ಹಾಸಿಗೆ ಸುರುಳಿ ಕಟ್ಟುತ್ತಾ, ನನ್ನಿಂದಲೇ ಹಗ್ಗ ಬಿಗಿಸುತ್ತಾ ಓಡಾಡಿದರು. ಬಾಯಿಬಿಟ್ಟು ಕೇಳಬಾರದಾಗಿತ್ತೇ ಎನ್ನುತ್ತೀರಿ. ಕೇಳಿದರೆ ಉತ್ತರ ಬಂದುಬಿಡುತ್ತದೆ. ಕೇಳುವುದರಲ್ಲಿರುವ ತೊಂದರೆಯೇ ಅದು.

ಭಾನುವಾರ ಬೆಳಿಗ್ಗೆ, ಹೊಸ ಬೀದಿಗೆ ಹೋಗುವುದಾದರೆ ತಲೆಯಾದರೂ ನೆಟ್ಟಗಿರಲಿ, ಹೋಗದಿದ್ದರೆ ಹಳೆಯ ಬೀದಿಯಲ್ಲಿ ಒಂಟಿಯಾಗಿ ನಿಲ್ಲುವುದಕ್ಕೂ ಕ್ಷೌರ ಲಕ್ಷಣವೇ ಎಂದುಕೊಂಡು ಕ್ಷೌರದಂಗಡಿಗೆ ಹೋದೆ. ತಿರುಗಿ ಬಂದು ನೋಡಿದರೆ ನನ್ನ ಮೂಲೆಯಲ್ಲಿ ಮಂಚವಿಲ್ಲ. ನೆಲದ ಮೇಲೆ ಅದರ ನಾಲ್ಕು ಕಾಲಿನ ತುಕ್ಕಿನ ಗುರುತು, ನಡುವೆ ನನ್ನ ಟ್ರಂಕು, ಅಷ್ಟೆ. ಬಾಗಿಲಿಗೆ ಓಡಿ ಬಂದರೆ, ಬೀದಿಯ ತಿರುವಿನಲ್ಲಿ ಹಳೇ ಸಾಮಾನಿನವನ ತಳ್ಳುಗಾಡಿ ಹೋಗುತ್ತಿದೆ, ಅದರ ಮೇಲೆ ನನ್ನ ಮಂಚ ನಾಲ್ಕೂ ಕಾಲು ಆಕಾಶಕ್ಕೆತ್ತಿ ಮಲಗಿದೆ. ಉತ್ತರ ಕೇಳದೆಯೇ ಬಂದಿತ್ತು. ಸರಿ, ಟವಲಿನಿಂದ ಕತ್ತಿನ ಮೇಲಿನ ಕೂದಲು ಕೊಡವಿಕೊಂಡೆ. ಆ ಕ್ಷಣದಲ್ಲೇ ತಾವು ದಯಮಾಡಿಸಿದಿರಿ.

ತಮ್ಮ ಆಗಮನವನ್ನು ಎಷ್ಟು ಹೊಗಳಿದರೂ ಕಡಿಮೆ. ಮದುವಣಗಿತ್ತಿಯಂತೆ ಹಿಂಹಿಂದಕ್ಕೆ ನಾಚುತ್ತಾ, ಪ್ರತಿ ಗೇಣಿಗೂ ಪೀಂ ಪೀಂ ಎನ್ನುತ್ತಾ, ಎದುರು ಮನೆಯ ಹೂಕುಂಡವೊಂದನ್ನು ಒರಸಿ, ನಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿರಿ. ಮೈಯೆಲ್ಲ ತಗಡು, ಮೇಲೆ ತಗಡಿನ ಮಾಡು, ಮುಂಗೋಡೆಯ ಮೇಲ್ತುದಿಯಲ್ಲಿ ಅಂಗೈಯಗಲದ ಒಂದು ಗಾಳಿಕಿಂಡಿ. ಬೆನ್ನ ಮೇಲೆ ದಪ್ಪಕ್ಷರದಲ್ಲಿ, ಜಾಗ ಇದ್ದರೆ ಮಾತ್ರ ಮುಂದೆ ಬಾ, ಎಂದು ಬರೆಸಿಕೊಂಡಿದ್ದೀರಿ. ಹಿಂದೆ ಬರುವ ಗಾಡಿಗಳಿಗೆ ಅದು ಬುದ್ಧಿವಾದವಿರಬಹುದು. ಆ ಬೆಳಿಗ್ಗೆ ಅದನ್ನು ಓದಿದ ನನಗೆ, ಗುರುತು ಪರಿಚಯ ಇಲ್ಲದ ಲಾರಿಯೂ ಮನೆಯವರ ಜೊತೆ ಸೇರಿಕೊಂಡಂತೆ ಅನ್ನಿಸಿತು. ಇದು ನನ್ನ ಮೊದಲನೆಯ ದೂರು. ದಯವಿಟ್ಟು ಅದನ್ನು ಅಳಿಸಿ, ಬನ್ನಿ ಕುಳಿತುಕೊಳ್ಳಿ ಎಂದು ಬರೆಸಿ.

ಭಾವ ಅಳತೆ ಟೇಪನ್ನು ಕತ್ತಿಗೆ ಹಾಕಿಕೊಂಡು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹಿಡಿದು ತಮ್ಮೊಳಗೆ ಹತ್ತಿದರು. ಬೇರೆಯವರು ಲಾರಿ ತುಂಬುವಾಗ ಸಾಮಾನು ಎತ್ತುತ್ತಾರೆ. ನಮ್ಮ ಭಾವ ಬಟ್ಟೆ ಕತ್ತರಿಸುವ ಮುಂಚೆ ಗೆರೆ ಹಾಕುವ ಹಾಗೆ ತಮ್ಮ ನೆಲದ ಮೇಲೆಲ್ಲ ಗೆರೆ ಹಾಕಿದರು. ಇಲ್ಲಿ ಬೀರು, ಇಲ್ಲಿ ಮಿಷನ್ನು, ಇಲ್ಲಿ ಇಸ್ತ್ರಿ ಮೇಜು, ಇಲ್ಲಿ ಅಕ್ಕನ ಮಂಚದ ಹಲಗೆಗಳು. ಹೊಲಿಗೆಗೆ ಅಂತ ಸುತ್ತ ಒಂದಿಷ್ಟು ಬಿಡುವನ್ನೂ ಬಿಟ್ಟಿದ್ದರು. ನೀರಿನ ಕೊಡಕ್ಕೂ ಒಂದು ವೃತ್ತ ಇತ್ತು. ಅಂಗಿ ತೊಡಿಸಿ ನೋಡುವ ಆ ತಲೆಯಿಲ್ಲದ ಬೊಂಬೆಗೂ ಒಂದು ಗೆರೆ ಇತ್ತು. ನಾನು ಮೇಲೆ ಹತ್ತಿ, ಕೈ ಹಿಂದೆ ಕಟ್ಟಿಕೊಂಡು, ಭಾವನ ಕೆಲಸ ತನಿಖೆ ಮಾಡುವವನಂತೆ ಮೂಲೆ ಮೂಲೆ ನೋಡಿದೆ. ನನ್ನ ಮಂಚಕ್ಕೆ ಗೆರೆ ಇಲ್ಲ. ನನ್ನ ಟ್ರಂಕಿಗೂ ಇಲ್ಲ.

ಅಂಥ ಹೊತ್ತಿನಲ್ಲಿ ಬೇರೆ ಯಾರಾದರೂ ಮುಖ ಊದಿಸಿಕೊಂಡು ಮೂಲೆ ಸೇರುತ್ತಿದ್ದರು. ನನಗೆ ಸೇರಲು ಮೂಲೆಯೂ ಉಳಿದಿರಲಿಲ್ಲವಾದ್ದರಿಂದ ಉಪಾಯ ಹೂಡಿದೆ. ಭಾವ ಟೀ ಕುಡಿಯಲು ಇಳಿದದ್ದೇ ತಡ, ಗೋಣಿತಾಟೊಂದನ್ನು ಕಾಲಿಗೆ ಸಿಕ್ಕಿಸಿಕೊಂಡು ತಮ್ಮ ನೆಲದ ಮೇಲೆ ಸರಸರ ನಾಟ್ಯವಾಡಿದೆ. ಗೆರೆಗಳೆಲ್ಲ ಹೊಗೆಯಾದವು. ಭಾವ ಬಂದು ಬಾಯಿ ತೆರೆಯುವುದರೊಳಗೆ, ಅಂಗಿ ಹೊಲಿಯುವವರು ಅಂಗಿ ಹೊಲಿಯಲಿ, ಲಾರಿ ತುಂಬುವುದನ್ನು ಹುಲ್ಲಿನ ಗಾಡಿ ಒಟ್ಟಿದವನಿಗೆ ಬಿಡಲಿ, ಟೇಪಿಲ್ಲದೆ ಬರೀ ಕಣ್ಣಳತೆಯಲ್ಲಿ ಇಡೀ ಮನೆಯನ್ನು ಒಂದೇ ಸಲಕ್ಕೆ ಹಿಡಿಸುತ್ತೇನೆ, ಮೇಲೆ ಹಾಕಿದ ಎಳ್ಳು ಕೆಳಗೆ ಬಿದ್ದರೆ ನನ್ನ ಮೀಸೆ ಬೋಳಿಸಿ ಎಂದು ಬೀದಿಗೆಲ್ಲ ಕೇಳುವ ಹಾಗೆ ಸಾರಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂದು ಭಾವ ಗೊಣಗಿದರು. ಇಬ್ಬರಲ್ಲಿ ಕೋಣ ಯಾರೆಂದು ಕೇಳುವಷ್ಟು ಪುರುಸೊತ್ತು ನನಗಿರಲಿಲ್ಲ. ಏಕೆಂದರೆ ನನ್ನ ಉಪಾಯದ ಮೊದಲ ಹೆಜ್ಜೆ, ಯಾರ ಕಣ್ಣಿಗೂ ಬೀಳದಂತೆ ನನ್ನ ಟ್ರಂಕನ್ನು ತಮ್ಮ ಮುಂಗೋಡೆಗೆ ಆನಿಸಿ ಇಡುವುದಾಗಿತ್ತು. ಸಾಮಾನು ಎಲ್ಲಿಗೆ ಹೋದರೂ ಟ್ರಂಕು ಹೋಗುತ್ತದೆ. ಟ್ರಂಕು ತರಲೆಂದು ನಾನು ಹೋಗಬೇಕಾಗುತ್ತದೆ. ಹೋದವನು ಎರಡು ದಿನ ಇದ್ದು ಬರುತ್ತೇನೆ. ಎರಡು ದಿನ ಎಂದರೆ ಎಷ್ಟೆಂದು ತಮಗೆ ಆಗಲೇ ತಿಳಿಸಿದ್ದೇನೆ.

ಹಮಾಲಿಗಳು ಇಬ್ಬರು ಬಂದಿದ್ದರು, ಒಬ್ಬ ಗುಂಡ, ಇನ್ನೊಬ್ಬ ಕಡ್ಡಿ. ಹೆಸರಿಟ್ಟವನು ನಾನೇ, ಯಾಕೆಂದು ವಿವರಿಸಬೇಕಿಲ್ಲ. ಅವರು ಕೆಳಗಿನಿಂದ ಕೊಡುವುದು, ನಾನು ಮೇಲಿನಿಂದ ಒಟ್ಟುವುದು. ಮಿಷನ್ನನ್ನು ಕುಲುಕದಿರಲೆಂದು ಟ್ರಂಕಿನ ಎದುರಿಗೆ ಇಟ್ಟೆ. ಬೊಂಬೆಯನ್ನು ಅದರ ಪಕ್ಕಕ್ಕೆ ನಿಲ್ಲಿಸಿದೆ. ಬೀರು ಬಂತು, ಮೇಜು ಬಂತು, ಮೇಜಿನ ಹೊಟ್ಟೆಯೊಳಗೆ ಸ್ಟೂಲು, ಸ್ಟೂಲಿನ ಹೊಟ್ಟೆಯೊಳಗೆ ಬಕೀಟು, ಬಕೀಟಿನ ಹೊಟ್ಟೆಯೊಳಗೆ ದಿಂಬು, ದಿಂಬಿನ ಹೊಟ್ಟೆಯೊಳಗೆ ಅಕ್ಕನ ಗಾಜಿನ ಲೋಟಗಳು. ನೋಡಿದವರು ನಿಂತು ನೋಡಿದರು. ಎದುರು ಮನೆಯಾಕೆ ಹೂಕುಂಡದ ದುಃಖ ಮರೆತು ಮಗ್ಗುಲ ಮನೆಯಾಕೆಯನ್ನು ಕರೆದಳು. ಅಕ್ಕನ ಮಗಳು, ಮಾವಾ, ನೀವು ಆಸ್ಪತ್ರೆಯಲ್ಲಿದ್ದಿದ್ರೆ ಒಂದೇ ವಾರ್ಡಲ್ಲಿ ಊರಿನ ರೋಗಿಗಳನ್ನೆಲ್ಲ ಮಲಗಿಸ್ತಿದ್ರಿ, ಎಂದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಬೀರುವಿನ ಕನ್ನಡಿ ಗಡಗಡ ಅಲುಗುತ್ತಿದ್ದದ್ದು ಕಂಡು, ಎಡಗಾಲಿನ ಚಪ್ಪಲಿ ಕಳಚಿ, ಬೀರುವಿಗೂ ತಮ್ಮ ತಗಡಿಗೂ ನಡುವೆ ಬೆಣೆಯಂತೆ ತುರುಕಿದೆ. ದೂರಿನ ಮುಖ್ಯ ವಸ್ತು ಇದೇ ಆದ್ದರಿಂದ ಓದಿ ಹೇಳುವವರು ಈ ವಾಕ್ಯವನ್ನು ಎರಡು ಸಲ ಓದಬೇಕಾಗಿ ವಿನಂತಿ.

ಈಗ ಹುಲ್ಲಿನ ಗಾಡಿಯ ಸಂಗತಿಗೆ ಬರುತ್ತೇನೆ. ಹುಲ್ಲು ಒಟ್ಟುವವನು ಗಾಡಿಯ ನಡುವೆ ನಿಲ್ಲುತ್ತಾನೆ. ಕೆಳಗಿನವರು ಕೊಟ್ಟ ಕಟ್ಟುಗಳನ್ನು ತನ್ನ ಸುತ್ತ ಇಡುತ್ತಾ, ಇಟ್ಟದ್ದರ ಮೇಲೆ ತಾನೇ ಏರುತ್ತಾ, ಕೊನೆಗೆ ತುತ್ತತುದಿಯಲ್ಲಿ ರಾಜನ ಹಾಗೆ ನಿಂತು ನಾಲ್ಕು ಊರು ನೋಡಿ, ಹಗ್ಗ ಬಿಗಿದ ಮೇಲೆ ಸುಂಯ್ಯನೆ ಜಾರಿ ಇಳಿಯುತ್ತಾನೆ. ಶಾಸ್ತ್ರವೇ ಅದು. ನಾನೂ ಶಾಸ್ತ್ರ ತಪ್ಪದೆ, ಮುಂಗೋಡೆಯ ಹತ್ತಿರ ನಿಂತು, ನನ್ನ ಸುತ್ತ ಒಟ್ಟುತ್ತಾ ಒಟ್ಟುತ್ತಾ ಬಾಗಿಲಿನವರೆಗೆ ತುಂಬಿಸಿದೆ. ಕೊನೆಯ ಹಾಸಿಗೆ ಸುರುಳಿಯನ್ನು ಹಮಾಲಿಗಳು ಹೊರಗಿನಿಂದ ನೂಕುವಾಗ, ತಳ್ಳ್ರೋ, ಇನ್ನೂ ತಳ್ಳಿ, ಅನ್ನ ತಿಂದಿಲ್ವಾ ಎಂದು ಒಳಗಿನಿಂದ ಹುರಿದುಂಬಿಸಿದವನೂ ನಾನೇ. ಸುರುಳಿ ಬಂದು ಸೀಸೆಯ ಬಿರಡೆಯಂತೆ ಕೂತಿತು. ಬೆಳಕು ಹೋಯಿತು. ಎಳ್ಳು ಹಾಕಲು ಜಾಗವಿಲ್ಲ. ಮೀಸೆ ಉಳಿಯಿತು ಎಂದು ಅದನ್ನೊಮ್ಮೆ ತೀಡಿ, ಇನ್ನು ಜಾರಿ ಇಳಿಯೋಣವೆಂದು ಮೇಲೆ ನೋಡಿದೆ.

ಹುಲ್ಲಿನ ಗಾಡಿಗೆ ಮಾಡು ಇರುವುದಿಲ್ಲ, ಮಹಾಶಯರೇ. ತಮಗೆ ಇದೆ. ಇದನ್ನು ಮುಂಚಿತವಾಗಿ ತಿಳಿಸದೆ ಇದ್ದದ್ದು ತಮ್ಮ ಘನತೆಗೆ ತಕ್ಕುದಲ್ಲ ಎಂಬುದು ನನ್ನ ಎರಡನೆಯ ದೂರು.

ಹೊರಗೆ ಕದ ಬಡಿಯಿತು, ಚಿಲಕ ಬಿತ್ತು. ನಾನು ಟ್ರಂಕಿನ ಮೇಲೆ ಕುಳಿತೆ. ಎದುರಿಗೆ ಮಿಷನ್ನು, ಪಕ್ಕದಲ್ಲಿ ತಲೆಯಿಲ್ಲದ ಬೊಂಬೆ, ಗಾಳಿಕಿಂಡಿಯಿಂದ ಒಂದು ಕೋಲು ಬೆಳಕು. ಕೂಗಬಹುದಿತ್ತು. ಬೀದಿಗೆಲ್ಲ ಮೀಸೆ ಪಣವಿಟ್ಟು ಸಾರಿದ ಬಾಯಿಂದ, ನನ್ನನ್ನೇ ನಾನು ತುಂಬಿಬಿಟ್ಟಿದ್ದೇನೆ ಬಿಡಿಸಿ ಎಂದು ಹೇಗೆ ಕೂಗುವುದು? ಬಿಸಿ ತುಪ್ಪ ಬಾಯಿಗಿಟ್ಟ ಹಾಗಾಯಿತು, ನುಂಗಲಾರೆ, ಉಗುಳಲಾರೆ. ಅದಲ್ಲದೆ, ತಮ್ಮ ಹತ್ತಿರ ಮುಚ್ಚುಮರೆ ಏಕೆ, ಒಂದು ಸಣ್ಣ ಆಲೋಚನೆಯೂ ಬಂತು: ಭಾವನ ಗೆರೆಯಲ್ಲಿ ಇಲ್ಲದವನು ಸಾಮಾನಿನಲ್ಲಾದರೂ ಸೇರಿಬಿಟ್ಟೆನಲ್ಲ, ಇನ್ನು ಯಾರೂ ಬೇಡವೆನ್ನುವ ಹಾಗಿಲ್ಲ. ಕೂಗಲಿಲ್ಲ.

ಆಗ ಹೊರಗೆ ನನ್ನ ಹುಡುಕಾಟ ಶುರುವಾಯಿತು. ತಮ್ಮ ತಗಡು ಬಹಳ ತೆಳು. ಅದಕ್ಕಾಗಿ ಮಾತ್ರ ನಾನು ತಮಗೆ ಜೀವನಪೂರ್ತಿ ಋಣಿ. ಗುಂಡ, ಟೀ ಅಂಗಡಿಗೆ ಹೋಗಿರಬೇಕು ಎಂದ. ಅಕ್ಕನ ಮಗಳು ಟೀ ಅಂಗಡಿಗೂ ಕ್ಷೌರದಂಗಡಿಗೂ ಓಡಿ ಬಂದು ಎಲ್ಲೂ ಇಲ್ಲ ಎಂದಳು. ಡ್ರೈವರು ಹಾರನ್ನು ಒತ್ತಿ, ತನಗೆ ಇನ್ನೊಂದು ಮನೆಯ ಬಾಡಿಗೆ ಇದೆ, ಒಬ್ಬ ಮನುಷ್ಯನಿಗೋಸ್ಕರ ಎಷ್ಟು ಹೊತ್ತು ನಿಲ್ಲುವುದು ಎಂದ. ಭಾವ, ಹೊರಡೋಣ, ಅವನಿಗೆ ವಿಳಾಸ ಗೊತ್ತಲ್ಲ, ಬರುತ್ತಾನೆ ಎಂದರು. ಆಮೇಲೆ ಅಕ್ಕನ ದನಿ ಕೇಳಿತು.

“ವಿಳಾಸ ಯಾರು ಹೇಳಿದ್ರು ಅವನಿಗೆ? ನೀವು ಹೇಳಿದ್ರಾ?”

“ನೀನು ಹೇಳಿರ್ತೀಯಾ ಅಂದ್ಕೊಂಡೆ. ನಿನ್ನ ತಮ್ಮ ತಾನೆ?”

“ನಿಮ್ಮ ಅಂಗಡೀಲಿ ತಾನೆ ಮಲಗ್ತಿದ್ದಿದ್ದು? ಹಂಗಾದ್ರೆ ಬಾ ಅಂತಾನೂ ಯಾರೂ ಕರ್ದಿಲ್ಲ ಅವನನ್ನ. ಅಯ್ಯೋ ನಮ್ಮ ಬುದ್ಧಿಗಿಷ್ಟು. ಕರೀದೆ ಬರೋನಲ್ಲ ರೀ ಅವನು.”

“ಕರೀದೆ ಬಂದು ತಾನೆ ಇಷ್ಟು ವರ್ಷ ಇದ್ದದ್ದು?” ಎಂದರು ಭಾವ, ಆದರೆ ಆ ಮಾತಿನಲ್ಲಿ ಎಂದಿನ ಕತ್ತರಿ ಇರಲಿಲ್ಲ. ಅಕ್ಕ ತಮ್ಮ ಹಿಂದಿನ ಚಕ್ರದ ಮುಂದೆ ಕುಳಿತೇಬಿಟ್ಟಳಂತೆ. ಅವನು ಸಿಗೋತನಕ ಲಾರಿ ಹೊರಡಲ್ಲ, ಹೊರಡೋದಾದ್ರೆ ನನ್ನ ಮೇಲೆ ಹತ್ತಿಸ್ಕೊಂಡು ಹೋಗ್ಲಿ, ಎಂದಳು.

ಮಾನ್ಯರೇ, ನನ್ನ ಬಾಯಿ ಯಾವತ್ತೂ ಕೈಕೊಟ್ಟದ್ದಲ್ಲ. ಸಂತೆಯಲ್ಲಿ, ಸಾವಿನ ಮನೆಯಲ್ಲಿ, ಎಲ್ಲಿ ಬೇಕಾದರೂ ಮಾತಾಡಿದ ಬಾಯಿ ಇದು. ಆ ಹೊತ್ತಿನಲ್ಲಿ ಗಂಟಲಿಂದ ಒಂದಕ್ಷರ ಹೊರಡಲಿಲ್ಲ. ತಮ್ಮೊಳಗಿನ ಧೂಳು ವಿಪರೀತವಾಗಿದ್ದು, ಕಣ್ಣಿಗೂ ಬಹಳವಾಗಿ ಬಿದ್ದಿತ್ತು; ಗುಡಿಸಿಕೊಳ್ಳಬೇಕೆಂಬುದು ಮೂರನೆಯ ದೂರು. ಏನು ಮಾಡಲಿ, ಕಾಲು ಮಿಷನ್ನಿನ ಮೇಲಿತ್ತು. ತುಳಿದೆ. ಟಕಟಕಟಕಟಕ ಎಂದು ಮಿಷನ್ನು ಓಡಿತು. ಬೀಗ ಹಾಕಿದ ಲಾರಿ ಅಂಗಿ ಹೊಲಿಯುವುದನ್ನು ಅವರು ಯಾರೂ ಹಿಂದೆ ಕೇಳಿದವರಲ್ಲ. ಕಡ್ಡಿ ಎರಡು ಹೆಜ್ಜೆ ಹಿಂದೆ ಸರಿದು ದೇವರ ಹೆಸರು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಭಾವ ಮಾತ್ರ ತಗಡಿಗೆ ಕಿವಿಯಿಟ್ಟು, ಅದು ನನ್ನ ಮಿಷನ್ನು ಎಂದರು. ಆಮೇಲೆ, ಆ ಅಡ್ಡಾದಿಡ್ಡಿ ತುಳಿತ ಅವನದೇ ಎಂದರು. ಅಡ್ಡಾದಿಡ್ಡಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಟ್ರಂಕಿನ ಎತ್ತರ ಸರಿಯಿರಲಿಲ್ಲ.

ಬೀದಿಯಲ್ಲಿ ಎದ್ದ ನಗುವಿನ ಬಗ್ಗೆ ಇಲ್ಲಿ ಬರೆಯುವ ಅಗತ್ಯವಿಲ್ಲ. ಎದುರು ಮನೆಯಾಕೆಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿ ಅಕ್ಕನ ಮಗಳು ಚಿಕಿತ್ಸೆ ಮಾಡಬೇಕಾಯಿತು. ಕದ ತೆರೆದರು. ಇಳಿಸಿ ಮತ್ತೆ ತುಂಬೋಣ ಎಂದ ಡ್ರೈವರು. ಆಗ ಭಾವ, ನನ್ನ ಕೈಕೆಲಸದ ಮುಂದೆ ನಿಂತು, ಕಾಜಾ ಪರೀಕ್ಷೆ ಮಾಡುವ ಹಾಗೆ ಬೆರಳಿನಿಂದ ಸಂದುಗಳನ್ನು ತಡವಿದರಂತೆ. ಯಾವ ಸಂದಿಯೂ ಸಿಗದೆ, ಈ ಮಾತು ಹೇಳಿದರು:

“ಬಿಚ್ಬೇಡ್ರಪ್ಪಾ. ಬಿಚ್ಚಿದ್ರೆ ಮತ್ತೆ ಹೀಗೆ ತುಂಬಕ್ಕೆ ಬರೋನು ಒಬ್ನೇ. ಅವನು ಒಳಗಿದಾನೆ.”

ಇಷ್ಟು ವರ್ಷದಲ್ಲಿ ಭಾವ ನನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ಬೆನ್ನ ಹಿಂದೆ, ಬೀರುವಿನ ಆಚೆಯಿಂದ. ಅದನ್ನು ತಾವೂ ಕೇಳಿದ್ದೀರಿ. ಮುಂದೆ ಭಾವ ತಾನು ಹಾಗೆ ಅಂದೇ ಇಲ್ಲ ಎಂದರೆ ತಾವು ಸಾಕ್ಷಿಗೆ ಬರಬೇಕು.

ಕದ ಮತ್ತೆ ಮುಚ್ಚಿತು. ಅಕ್ಕ ಡ್ರೈವರನ ಬಾಗಿಲ ಮೆಟ್ಟಿಲ ಮೇಲೆ ಹತ್ತಿ ಗಾಳಿಕಿಂಡಿಗೆ ಬಾಯಿಟ್ಟು, ಲೋ, ಉಸಿರಾಡ್ತಿದ್ದೀಯಾ, ಎಂದಳು. ಅಭ್ಯಾಸ ಇದೆ ಎಂದೆ. ಆಮೇಲೆ ಅವಳು, ಕೇಳಿಸ್ಕೋ, ವಿಳಾಸ ಹೇಳ್ತೀನಿ, ಎಂದು ಬೀದಿ, ತಿರುವು, ಔಷಧದ ಅಂಗಡಿಯ ಪಕ್ಕದ ಕಟ್ಟಡ, ಮೂರನೆಯ ಮಹಡಿ, ಎಡಗಡೆಯ ಬಾಗಿಲು ಎಂದು ಒಂದೊಂದಾಗಿ ಹೇಳಿ, ನನ್ನಿಂದ ತಿರುಗಿ ಒಪ್ಪಿಸಿಕೊಂಡಳು. ಬೀಗ ಹಾಕಿದ ಲಾರಿಯಲ್ಲಿ ಅಲ್ಲಿಗೇ ಹೋಗುತ್ತಿರುವವನಿಗೆ ವಿಳಾಸವೇಕೆ ಎಂದು ತಾವು ಕೇಳಬಹುದು. ಕೇಳಬೇಡಿ.

ತಮ್ಮ ಪ್ರಯಾಣದ ಸುಖವನ್ನು ವರ್ಣಿಸಲು ನನ್ನ ಏಳನೆಯ ತರಗತಿ ಸಾಲದು. ತಗ್ಗು ಕಂಡರೆ ತಾವು ಹಳೆಯ ಗೆಳೆಯ ಸಿಕ್ಕಂತೆ ಇಳಿದು ಮಾತಾಡಿಸುತ್ತೀರಿ, ಉಬ್ಬು ಕಂಡರೆ ಅಪ್ಪಿಕೊಳ್ಳುತ್ತೀರಿ. ಪ್ರತಿ ಸಲವೂ ಬೊಂಬೆ ನನ್ನ ತೊಡೆಯ ಮೇಲೆ ಬಿದ್ದು, ನಾನು ಎತ್ತಿ ನಿಲ್ಲಿಸಿ, ತಲೆಯಿಲ್ಲದಿದ್ದರೂ ಹೆಂಗಸಲ್ಲವೇ ಎಂದು ಕ್ಷಮೆ ಕೇಳಿದೆ. ಮುಂದೆ ಕುಳಿತಿದ್ದ ಅಕ್ಕನ ಮಗಳು ಆಗಾಗ ಗೋಡೆ ಗುದ್ದಿ ನಾನು ಬದುಕಿದ್ದೇನೆಯೇ ಎಂದು ವಿಚಾರಿಸುತ್ತಿದ್ದಳು. ನಾನು ಮಿಷನ್ನು ತುಳಿದು ಉತ್ತರಿಸುತ್ತಿದ್ದೆ. ಮನಸ್ಸು ಗಾಳಿಪಟವಾಗಿತ್ತು. ಆದರೂ ಗಾಳಿಪಟದ ಬಾಲದಲ್ಲಿ ಒಂದು ಮುಳ್ಳು ಸಿಕ್ಕಿಕೊಂಡಿತ್ತು: ಕರೆದದ್ದು ಸರಿ, ವಿಳಾಸ ಕೊಟ್ಟದ್ದೂ ಸರಿ, ಆದರೆ ಮಂಚವನ್ನು ಹಳೇ ಸಾಮಾನಿಗೆ ಕೊಟ್ಟದ್ದು ಯಾಕೆ? ಬಾಯಿಮಾತಿಗೆ ಜಾಗ ಬೇಕಿಲ್ಲ, ಮಂಚಕ್ಕೆ ಬೇಕು.

ಹೊಸ ಬೀದಿಯಲ್ಲಿ ತಮ್ಮನ್ನು ಬರಿದು ಮಾಡುವಾಗ ಮೊದಲು ಹೋದವನು ಕೊನೆಗೆ ಬಂದೆ. ಹೊಸ ನೆರೆಹೊರೆಯವರು ಬಾಲ್ಕನಿಗಳಿಂದ ನೋಡುತ್ತಿದ್ದರು: ಹಾಸಿಗೆ ಬಂತು, ಮೇಜು ಬಂತು, ಬೀರು ಬಂತು, ಕೊನೆಗೆ ಬೊಂಬೆಯನ್ನು ಕಂಕುಳಲ್ಲಿ ಅವುಚಿಕೊಂಡ ಒಬ್ಬ ಮೀಸೆಯ ಮನುಷ್ಯ ಬಂದು ಎಲ್ಲರಿಗೂ ನಮಸ್ಕಾರ ಮಾಡಿದ. ಆ ಗಡಿಬಿಡಿಯಲ್ಲಿ ಬೀರುವನ್ನು ಎಳೆದಾಗ ಜಾರಿದ ನನ್ನ ಚಪ್ಪಲಿ ತಮ್ಮ ಯಾವ ಸಂದಿಗೆ ಬಿತ್ತೋ, ಒಂದು ಕಾಲು ಬರಿದಾಗಿರುವುದು ನನಗೆ ತಿಳಿದದ್ದು ಮೂರನೆಯ ಮಹಡಿಯಲ್ಲಿ. ಇಣುಕಿ ನೋಡಿದರೆ ತಾವು ಹೊಗೆಯ ಹಿಂದೆ ಮಾಯವಾಗಿದ್ದಿರಿ.

ತಿರುಗಿ ಒಳಗೆ ನೋಡಿದೆ. ಮನೆಯ ನೆಲದ ತುಂಬ ಸೀಮೆಸುಣ್ಣದ ಗೆರೆ. ಭಾವ ಮುಂಚೆಯೇ ಒಮ್ಮೆ ಬಂದು ಹಾಕಿಟ್ಟು ಹೋಗಿದ್ದರು. ಅಲ್ಲಿ ಬೀರು, ಅಲ್ಲಿ ನೀರಿನ ಕೊಡ. ಹಜಾರದ ಕಿಟಕಿಯ ಪಕ್ಕ ಮಿಷನ್ನು. ಮಿಷನ್ನಿನ ಪಕ್ಕ, ನಾಲ್ಕೂ ಕಾಲು ನಾಲ್ಕು ಗುರುತಿನ ಮೇಲೆ ಊರಿ, ನನ್ನ ಮಂಚ. ಹಳೇ ಸಾಮಾನಿನವನ ಗಾಡಿಯನ್ನೇ ಬಾಡಿಗೆಗೆ ಹಿಡಿದು, ಅವನಿಗೆ ಈ ಮನೆಯ ಬೀಗದಕೈ ಕೊಟ್ಟು, ಗೆರೆಯ ಮೇಲೆ ಇಟ್ಟು ಬಾ ಎಂದು ಕಳುಹಿಸಿದ್ದರಂತೆ. ನಾನು ಬಾಯಿ ತೆರೆದು ನಿಂತದ್ದನ್ನು ನೋಡಿ ಭಾವ, ಅದು ಬಿಚ್ಚೋ ಮಂಚ ಅಲ್ಲ, ಲಾರೀಲಿ ಹಿಡಿಯಲ್ಲ, ಅದಕ್ಕೇ ಬೆಳಿಗ್ಗೆನೇ ಕಳಿಸ್ದೆ, ಟ್ರಂಕು ಹೇಗೂ ನೀನೇ ಹೊತ್ಕೊಂಡು ಬರ್ತೀಯಾ ಅಂದ್ಕೊಂಡೆ, ಇದನ್ನೂ ನಿನಗೆ ಹೇಳ್ಬೇಕಿತ್ತಾ, ಎಂದು ಟೇಪು ಸುತ್ತುತ್ತಾ ಒಳಗೆ ಹೋದರು.

ಬಾಗಿಲ ಬಳಿ ಇನ್ನೂ ಒಂದು ಸಾಲು ಗೆರೆ ಇತ್ತು. ಚಪ್ಪಲಿಗಳದು. ಅಕ್ಕನದು, ಭಾವನದು, ಮಗಳದು, ಆಮೇಲೆ ಕೊನೆಯಲ್ಲಿ ದೋಣಿಯಂಥ ದೊಡ್ಡ ಒಂದು ಜೊತೆ. ಆ ಅಳತೆಯ ಪಾದ ನಮ್ಮ ಮನೆಯಲ್ಲಿ ನನ್ನದು ಬಿಟ್ಟು ಇನ್ನೊಂದಿಲ್ಲ. ಬಲಗಾಲಿನದನ್ನು ಬಿಟ್ಟೆ, ಗೆರೆಗೆ ಸರಿಯಾಗಿ ಕೂತಿತು. ಎಡಗಡೆಯದು ಖಾಲಿ ಇದೆ. ಬೇರೆ ಎಲ್ಲ ಗೆರೆಗಳೂ ಕಾಲು ತಗುಲಿ ಅಳಿಸಿಹೋದವು. ಅದೊಂದನ್ನು ಮಾತ್ರ ಅಕ್ಕ ನೆಲ ಒರೆಸುವಾಗ ಸುತ್ತು ಬಳಸಿ ಒರೆಸುತ್ತಾಳೆ. ಹೊಸ ಜೊತೆ ಕೊಂಡುಕೊಳ್ಳಿ ಮಾವಾ ಎಂದಳು ನರ್ಸಮ್ಮ. ಕೊಳ್ಳುವುದಿಲ್ಲ. ಭಾವ ಅಳತೆ ತೆಗೆದದ್ದು ಆ ಚಪ್ಪಲಿಗೆ.

ಆದಕಾರಣ, ಮಾನ್ಯರೇ, ತಾವು ತಮ್ಮ ಹೊಟ್ಟೆಯನ್ನು ಚೆನ್ನಾಗಿ ತಡಕಿ, ಹೆಬ್ಬೆರಳಿನ ಪಟ್ಟಿಯ ಹತ್ತಿರ ನಾನೇ ಕಾಜಾ ಹೊಲಿಗೆ ಹಾಕಿ ರಿಪೇರಿ ಮಾಡಿರುವ ಕಂದು ಬಣ್ಣದ ಎಡ ಚಪ್ಪಲಿಯನ್ನು ಹಿಂದಿರುಗಿಸಬೇಕು. ಒಳಗಡೆಯೂ ಒಂದು ಚಿಲಕ, ಒಂದು ಗಂಟೆ, ಕುಳಿತುಕೊಳ್ಳಲು ಟ್ರಂಕಿಗಿಂತ ಮೆತ್ತಗಿನ ಒಂದು ಆಸನ ಮಾಡಿಸಿಕೊಳ್ಳಬೇಕು. ಸಾಧ್ಯವಾದರೆ ಮಾಡನ್ನು ಬೇಕೆಂದಾಗ ಛತ್ರಿಯಂತೆ ಮಡಚಲು ಕಲಿಯಬೇಕು. ಮತ್ತು ಹೊಟ್ಟೆಯ ಕೆಳಗೆ ನೇತಾಡುವ ಆ ಏಳನೆಯವರಿಗೆ, ನಿನ್ನನ್ನು ಮರೆತಿಲ್ಲಪ್ಪಾ ಎಂದು ವರ್ಷಕ್ಕೊಮ್ಮೆಯಾದರೂ ಬಾಯಿಬಿಟ್ಟು ಹೇಳಬೇಕು. ಅವರಿಗೆ ಗೊತ್ತಿರುತ್ತದೆ ಅಂದುಕೊಂಡು ಸುಮ್ಮನಿರಬೇಡಿ.

ಇಂತಿ, ತಮ್ಮ ಹೊಟ್ಟೆಯಲ್ಲಿ ಹೋಗಿ ತಮ್ಮ ಹೊಟ್ಟೆಯಿಂದಲೇ ಹೊರಬಂದು, ಸದ್ಯ ಎರಡು ದಿನದ ಮಟ್ಟಿಗೆ ಮೂರನೆಯ ಮಹಡಿಯಲ್ಲಿ ತಂಗಿರುವ,

ತಮ್ಮ ಒಂಟಿ ಚಪ್ಪಲಿಯ ವಿಶ್ವಾಸಿ,
ದರ್ಜಿಯವರ ಭಾವಮೈದ

ಮರೆತ ಮಾತು: ಚಪ್ಪಲಿಯನ್ನು ಖುದ್ದಾಗಿ ತರುವಿರಾದರೆ, ಮೆಟ್ಟಿಲು ಕಿರಿದು, ಎರಡನೆಯ ತಿರುವಿನಲ್ಲಿ ಬೀರುವಿನಂತೆ ತಾವೂ ಸಿಕ್ಕಿಕೊಂಡರೆ ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ, ಹಾರನ್ನು ಒತ್ತಿ. ಭಾವ ಟೇಪು ಹಿಡಿದು ಬರುತ್ತಾರೆ. ಅವರು ಬಂದಾಗ ಒಂದು ಉಪಕಾರ ಮಾಡಿ: ನನ್ನ ಮಂಚ ತಮ್ಮೊಳಗೆ ಆರಾಮಾಗಿ ಹಿಡಿಯುತ್ತಿತ್ತು, ಅವರ ಅಳತೆ ನಾಲ್ಕು ಬೆರಳು ತಪ್ಪು ಎಂದು ತಾವೇ ಬಾಯಿಬಿಟ್ಟು ಹೇಳಿ. ನಾನು ಹೇಳಿದರೆ ನಂಬುವುದಿಲ್ಲ.